ಪ್ರಶ್ನೋತ್ತರ: ಮಿದುಳಿನ ಅಲೆಗಳ ಮೇಲೆ ಪೋಸ್ಟ್ ಡಾಕ್ಟರಲ್ ಸಂಶೋಧನೆ

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿ, ಮಾನಸಗಂಗೋತ್ರಿ, ಮೈಸೂರು): ನಮಸ್ಕಾರ ಮೇಡಂ. ಭೌತಶಾಸ್ತ್ರದಲ್ಲಿ ನನ್ನ ಪಿಎಚ್.ಡಿ. ಪ್ರಬಂಧ ಸಲ್ಲಿಕೆಯ ಹಂತದಲ್ಲಿದೆ. ಆಂದೋಲಕಗಳ, ಅಂದರೆ ಲಯವಾಗಿ ತೂಗಾಡುವ ವ್ಯವಸ್ಥೆಗಳ ಗಣಿತ ನನ್ನ ವಿಷಯ. ಮುಂದೆ ಮಿದುಳಿನ ಅಲೆಗಳಿಗೆ, ಅಂದರೆ ನರಕೋಶಗಳ ವಿದ್ಯುತ್ತಿನ ಲಯಬದ್ಧ ಏರಿಳಿತಕ್ಕೆ, ಕಂಪ್ಯೂಟರ್ ಮಾದರಿ ಕಟ್ಟುವ ಪೋಸ್ಟ್ ಡಾಕ್ಟರಲ್ (ಪಿಎಚ್.ಡಿ. ನಂತರದ) ಸಂಶೋಧನೆಗೆ ಹೋಗುವ ಆಸೆಯಿದೆ. ಎಸ್ಸೆಸ್ಸೆಲ್ಸಿಯ ಆಚೆಗೆ ಜೀವಶಾಸ್ತ್ರ ಓದಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಗಣಿತ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ, ಅಳುಕಬೇಡಿ. ವಿಲ್ಸನ್ ಮತ್ತು ಕೊವಾನ್ 1972ರಲ್ಲಿ ಪ್ರಕಟಿಸಿದ, ನರಕೋಶ ಗುಂಪುಗಳ ಚಟುವಟಿಕೆಯ ಸಮೀಕರಣಗಳನ್ನು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದು ಓಡಿಸಿ ನೋಡಿ. ಉತ್ತೇಜಿಸುವ ನರಕೋಶಗಳದೊಂದು ಗುಂಪು, ತಡೆಯುವ ನರಕೋಶಗಳದೊಂದು ಗುಂಪು, ಅಷ್ಟೇ. ಮೊದಲನೆಯದು ಎರಡನೆಯದನ್ನು ಎಬ್ಬಿಸುತ್ತದೆ, ಎಚ್ಚೆತ್ತ ಎರಡನೆಯದು ಮೊದಲನೆಯದನ್ನು ಸುಮ್ಮನಾಗಿಸುತ್ತದೆ. ಆ ತಡೆ ಸಡಿಲವಾದೊಡನೆ ಮತ್ತೆ ಮೊದಲಿನಿಂದ. ಒಂದು ಸುತ್ತಿಗೆ 25 ಮಿಲಿಸೆಕೆಂಡ್ ಹಿಡಿದರೆ ಅದು 40 ಹರ್ಟ್ಜ್ (ಸೆಕೆಂಡಿಗೆ 40 ಸುತ್ತು), ಅಂದರೆ ಗಾಮಾ ಎಂದು ಕರೆಯುವ ವೇಗದ ಅಲೆ.

ಆದರೆ ಮಾದರಿಗಿಂತ ಮೊದಲು ಕಚ್ಚಾ ದತ್ತಾಂಶದ ಮುಂದೆ ಕುಳಿತುಕೊಳ್ಳಿ. ಇದನ್ನು ಒತ್ತಿ ಹೇಳುತ್ತೇನೆ. ಫಿಸಿಯೋನೆಟ್ ಎಂಬ ಜಾಲತಾಣದಲ್ಲಿ 109 ಜನರ, 64 ವಿದ್ಯುದಗ್ರಗಳ (ಎಲೆಕ್ಟ್ರೋಡ್) ಇಇಜಿ, ಅಂದರೆ ನೆತ್ತಿಯ ಮೇಲಿಂದ ಅಳೆದ ಮಿದುಳಿನ ವಿದ್ಯುತ್ತಿನ ದಾಖಲೆ ಉಚಿತವಾಗಿ ಸಿಗುತ್ತದೆ. ಕಣ್ಣು ತೆರೆದ ಒಂದು ನಿಮಿಷ, ಮುಚ್ಚಿದ ಒಂದು ನಿಮಿಷ ಅದರಲ್ಲಿವೆ. ಕಣ್ಣು ಮುಚ್ಚಿದಾಗ ತಲೆಯ ಹಿಂಭಾಗದಲ್ಲಿ 8ರಿಂದ 13 ಹರ್ಟ್ಜ್‌ನ ಆಲ್ಫಾ ಅಲೆ ಮೇಲೇಳುತ್ತದೆ. ಜರ್ಮನಿಯ ಮನೋವೈದ್ಯ ಹಾನ್ಸ್ ಬರ್ಗರ್ 1929ರಲ್ಲಿ ಜಗತ್ತಿಗೆ ತಿಳಿಸಿದ ಅಲೆ ಇದೇ. ಅದು ನಿಮ್ಮ ಪರದೆಯ ಮೇಲೆ ಮೂಡಿದಾಗ ಆಗುವ ಸಂತೋಷವೇ ಬೇರೆ.

ಇನ್ನೊಂದು ಪರೀಕ್ಷೆಯನ್ನೂ ಮಾಡಿ. ಕಂಪ್ಯೂಟರಿನಿಂದ ಬರೀ ಗದ್ದಲ (ಲಯವಿಲ್ಲದ ಅಡ್ಡಾದಿಡ್ಡಿ ಸಂಕೇತ) ಹುಟ್ಟಿಸಿ, ಅದನ್ನು 8–13 ಹರ್ಟ್ಜ್ ಮಾತ್ರ ಉಳಿಸುವ ಫಿಲ್ಟರಿನಲ್ಲಿ ಹಾಯಿಸಿ. ಚೆಂದದ ಅಲೆಯೊಂದು ಬರುತ್ತದೆ, ಮಿದುಳೇ ಇಲ್ಲದೆ! ಫಿಲ್ಟರ್ ಮಾಡಿದ ಗೆರೆ ಏರಿಳಿದ ಮಾತ್ರಕ್ಕೆ ಅಲ್ಲಿ ಆಂದೋಲನವಿದೆ ಎನ್ನಲಾಗದು. ಯಾವ ಆವರ್ತನದಲ್ಲಿ ಎಷ್ಟು ಶಕ್ತಿಯಿದೆ ಎಂಬ ನಕ್ಷೆಯಲ್ಲಿ, ಆವರ್ತನ ಹೆಚ್ಚಿದಂತೆ ಶಕ್ತಿ ಇಳಿಯುತ್ತ ಹೋಗುವ ಹಿನ್ನೆಲೆಯ ಮೇಲೆ ಸ್ಪಷ್ಟವಾದ ಉಬ್ಬು ಇದೆಯೇ ಎಂದು ನೋಡಬೇಕು. ಈ ಎಚ್ಚರವಿಲ್ಲದವರ ಮಾದರಿಯನ್ನು ನಾನು ನಂಬುವುದಿಲ್ಲ.

ಪ್ರಶ್ನೆ (ಎಂಜಿನಿಯರಿಂಗ್ ವಿದ್ಯಾರ್ಥಿನಿ, ಮೈಸೂರು): ಮೇಡಂ, ನಮ್ಮ ಪ್ರಾಜೆಕ್ಟಿನಲ್ಲಿ ನಾವೇ ದಾಖಲಿಸಿದ ಇಇಜಿಯಲ್ಲಿ ಎಲ್ಲರಿಗೂ 50 ಹರ್ಟ್ಜ್‌ನಲ್ಲಿ ಗಾಮಾ ಕಾಣುತ್ತಿದೆ. ಇದು ಒಳ್ಳೆಯ ಫಲಿತಾಂಶವೇ?

ಉತ್ತರ: ಅಲ್ಲಮ್ಮ, ಅದು ಗೋಡೆಯೊಳಗಿನ ಕರೆಂಟು. ನಮ್ಮ ವಿದ್ಯುತ್ ಸರಬರಾಜಿನ ಆವರ್ತನ 50 ಹರ್ಟ್ಜ್, ಅದು ಗಾಮಾ ವ್ಯಾಪ್ತಿಯ ನಡುವೆಯೇ ಬಂದು ಕೂರುತ್ತದೆ. ಮೇಲೆ ಹೇಳಿದ ಫಿಸಿಯೋನೆಟ್ ದಾಖಲೆ ಅಮೆರಿಕದ್ದು, ಅಲ್ಲಿನ ಕರೆಂಟು 60 ಹರ್ಟ್ಜ್, ಹಾಗಾಗಿ ಅದರಲ್ಲಿ ಈ ಕಲಬೆರಕೆ 60 ಹರ್ಟ್ಜ್‌ನಲ್ಲಿ ಕಾಣಬಹುದು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು, ವಿದ್ಯುದಗ್ರಗಳು ಚರ್ಮಕ್ಕೆ ಸರಿಯಾಗಿ ಅಂಟಿವೆಯೇ ಎಂದು ನೋಡಿ ಮತ್ತೆ ದಾಖಲಿಸಿ. ನೆತ್ತಿಯ ಮೇಲೆ ಸಿಗುವುದು ಹತ್ತಾರು ಮೈಕ್ರೋವೋಲ್ಟ್ ಅಷ್ಟೇ. ದವಡೆ ಬಿಗಿಹಿಡಿದರೂ ಸ್ನಾಯುಗಳ ವಿದ್ಯುತ್ತು ಅದನ್ನು ಮುಳುಗಿಸಿಬಿಡುತ್ತದೆ.

ಪ್ರಶ್ನೆ (ಪೋಷಕರು, ಮಂಡ್ಯ): ಮಗಳು ಪಿಎಚ್.ಡಿ. ಮುಗಿಸಿದಳು. ಈಗ ಇದೇ ವಿಷಯದಲ್ಲಿ ಪೋಸ್ಟ್ ಡಾಕ್ಟರಲ್ ಎನ್ನುತ್ತಾಳೆ. ಇನ್ನೂ ಎಷ್ಟು ಓದು ತಾಯಿ? ಇದು ಓದೋ, ಕೆಲಸವೋ?

ಉತ್ತರ: ಕೆಲಸವೇ, ಸ್ವಾಮಿ. ಪರೀಕ್ಷೆಯಿಲ್ಲ, ಪದವಿಯೂ ಇಲ್ಲ. ತಿಂಗಳಿಗೆ ಸಂಬಳ ಇಲ್ಲವೇ ಫೆಲೋಶಿಪ್ ಬರುತ್ತದೆ. ಕಾಯಂ ಅಲ್ಲ ಎನ್ನುವುದು ನಿಜ: ನಮ್ಮ ರಾಷ್ಟ್ರೀಯ ಪೋಸ್ಟ್ ಡಾಕ್ಟರಲ್ ಫೆಲೋಶಿಪ್ಪಿನ ಅವಧಿ ಎರಡು ವರ್ಷ. ಪ್ರಾಧ್ಯಾಪಕಿಯಾಗಿ ಸ್ವಂತ ಪ್ರಯೋಗಾಲಯ ನಡೆಸುವ ಆಸೆ ಅವರಿಗಿದ್ದರೆ ಈ ಹಂತವನ್ನು ದಾಟಿಯೇ ಹೋಗಬೇಕಾಗುತ್ತದೆ. ದೂರದ ಚಿಂತೆಯಿದ್ದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೇ ನರವಿಜ್ಞಾನ ಕೇಂದ್ರವಿದೆ, ನಿಮ್ಹಾನ್ಸ್ ಕೂಡ ಬೆಂಗಳೂರಿನಲ್ಲೇ ಇದೆ. ಮಾರ್ಗದರ್ಶಕರು ಯಾರು, ಅವರ ಬಳಿ ಹಿಂದೆ ಇದ್ದವರು ಈಗ ಎಲ್ಲಿದ್ದಾರೆ ಎಂಬ ಎರಡನ್ನು ಮಗಳು ವಿಚಾರಿಸಿಕೊಳ್ಳಲಿ. ಹಿಂದಿನವರಿಗೆ ಮಗಳೇ ಒಂದು ಪತ್ರ ಬರೆಯಲಿ, ಸಂಕೋಚ ಬೇಡ.