ಮಳೆಗಾಲದಲ್ಲಿ ಹ್ಯಾಟೆಗಳ ಬೆನ್ನು ಬೋಳು: ಹೇನೋ, ಕುಕ್ಕಾಟವೋ, ಪುಕ್ಕ ಬದಲಿಸುವ ಕಾಲವೋ?

ಹೊಸನಗರದ ಕೋಳಿಗೂಡು:
ನಮಸ್ಕಾರ. 8x6 ಅಡಿ ಗೂಡು, 14 ಹ್ಯಾಟೆ, 3 ಹುಂಜ. ಎಲ್ಲವೂ ಸ್ವರ್ಣಧಾರ ತಳಿ, ಸುಮಾರು ಒಂದು ವರ್ಷದವು. ಜೂನ್ ಮಧ್ಯದಿಂದ ಮಳೆ ಬಿಟ್ಟಿಲ್ಲ, ಹಾಗಾಗಿ ಕೋಳಿಗಳೂ ಹೊರಗೆ ಹೋಗಿಲ್ಲ. ಆರು ಹ್ಯಾಟೆಗಳ ಬೆನ್ನು, ಬಾಲದ ಬುಡ ಬೋಳಾಗಿದೆ. ದಿನಕ್ಕೆ 10 ಬರುತ್ತಿದ್ದ ಮೊಟ್ಟೆ ಈಗ 5. ಮೇವು ಅರ್ಧ ಲೇಯರ್ ಮ್ಯಾಶ್ (ಮೊಟ್ಟೆಕೋಳಿಯ ಸಿದ್ಧ ಮೇವು), ಅರ್ಧ ಅಕ್ಕಿ ನುಚ್ಚು. ದನದ ಉಣ್ಣೆಗೆ ತಂದ ಔಷಧಿ ಮನೆಯಲ್ಲಿದೆ. ಅದರಲ್ಲಿ ಒಮ್ಮೆ ಅದ್ದಿ ತೆಗೆಯಬಹುದಾ?

ತೀರ್ಥಹಳ್ಳಿಯವ:
ಅದ್ದಬೇಡಿ ಮಾರಾಯ್ರೆ. ಈ ಥಂಡಿಯಲ್ಲಿ ನೆನೆದ ಕೋಳಿ ಒಣಗುವುದೇ ಇಲ್ಲ. ದನಕ್ಕೆ ಕಲಸುವ ಪ್ರಮಾಣ ಕೋಳಿಗೆ ಹೊಂದುವುದಿಲ್ಲ, ಮೇಲಾಗಿ ಮೊಟ್ಟೆ ತಿನ್ನುವವರು ನೀವೇ. ಔಷಧಿ ಬೇಕೇಬೇಕಾದರೆ ಪಶುವೈದ್ಯರನ್ನು ಕೇಳಿ, ಎಷ್ಟು ದಿನ ಮೊಟ್ಟೆ ತಿನ್ನದೆ ಬಿಡಬೇಕು ಅಂತಲೂ ಕೇಳಿಕೊಳ್ಳಿ.

ಮೊದಲು ಪುಕ್ಕ ನೋಡಿ. ಬೋಳಾದ ಜಾಗದಲ್ಲಿ ದಂಟು ಮುರಿದು ಮೋಟು ಉಳಿದಿದೆಯಾ? ಹಾಗಿದ್ದರೆ ಅದು ಹುಂಜ ಹತ್ತಿ ಸವೆಸಿದ್ದು, ಬೆನ್ನು ಮತ್ತು ತಲೆಯ ಹಿಂದೆ ಹೆಚ್ಚು. ಮೋಟೂ ಇಲ್ಲದೆ ಚರ್ಮ ನುಣ್ಣಗಿದ್ದು ಚುಕ್ಕೆ ರಕ್ತ ಕಂಡರೆ ಬೇರೆ ಕೋಳಿಗಳು ಕಿತ್ತಿವೆ. ಇದು ಬಾಲದ ಬುಡ ಮತ್ತು ಗುದದ ಸುತ್ತ ಶುರುವಾಗುತ್ತದೆ. ಸೂಜಿಯಂಥ ಮೊಳಕೆಗರಿ ತುಂಬಿದ್ದರೆ ಪುಕ್ಕ ಬದಲಿಸುತ್ತಿದೆ ಅಂತ ಅರ್ಥ. ಆದರೆ ಅದು ತಲೆ, ಕುತ್ತಿಗೆಯಿಂದ ಶುರುವಾಗಿ ಕೆಳಗಿಳಿಯುತ್ತದೆ, ಬೆನ್ನೊಂದೇ ಬೋಳಾಗುವುದಿಲ್ಲ.

ಗುದದ ಹತ್ತಿರದ ಪುಕ್ಕದ ಬುಡದಲ್ಲಿ ಬಿಳಿ ಗಂಟಿನಂತೆ ಸೀರು ಅಂಟಿದ್ದರೆ ಹೇನು. ನುಸಿ ಬೇರೆ ಜಾತಿ. ಕೆಂಪು ನುಸಿ ಹಗಲು ಸಂದಿಯಲ್ಲಿ ಅಡಗಿ ರಾತ್ರಿ ಬಂದು ರಕ್ತ ಹೀರುತ್ತದೆ, ಹಗಲು ಎಷ್ಟು ಹುಡುಕಿದರೂ ಕೋಳಿ ಮೈಮೇಲೆ ಸಿಗದು. ರಾತ್ರಿ 9ರ ನಂತರ ಟಾರ್ಚ್ ಹಿಡಿದು, ಕೋಳಿ ಕೂರುವ ಅಡ್ಡೆಯ ತಳಭಾಗವನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ.

ಹೊಸನಗರದ ಕೋಳಿಗೂಡು:
ನೋಡಿದೆ. ನಾಲ್ಕರ ಬೆನ್ನಲ್ಲಿ ಮೋಟು. ಎರಡರ ಬಾಲದ ಬುಡ ನುಣ್ಣಗಾಗಿ ಕೆಂಪಾಗಿದೆ. ಸೀರು ಇಲ್ಲ. ಅಡ್ಡೆ ಅಡಿಕೆ ಮರ ಸೀಳಿದ ದಬ್ಬೆಯದು, ಅದರ ಬಿರುಕು ಒರೆಸಿದಾಗ ಬಟ್ಟೆಯ ಮೇಲೆ ಕೆಂಪು ಗೀರು ಬಂತು. ಇನ್ನೊಂದು: ಒಂದು ಹ್ಯಾಟೆಯ ಬಾಲದ ಗರಿಗಳಲ್ಲಿ ಅಡ್ಡಡ್ಡ, ಆಚೆ ಕಾಣುವಂಥ ತೆಳು ಗೆರೆ. ಎಲ್ಲ ಗರಿಯಲ್ಲೂ ಒಂದೇ ಎತ್ತರದಲ್ಲಿ.

ತೀರ್ಥಹಳ್ಳಿಯವ:
ಹಾಗಾದರೆ ಹುಂಜ, ಕುಕ್ಕಾಟ, ನುಸಿ ಮೂರೂ ಇವೆ. ಗೆರೆಯ ಮಾತು ಮೊದಲು. ಗರಿ ಬೆಳೆಯುವಾಗ ಹಕ್ಕಿಗೆ ಬೆದರಿಕೆ, ಹಸಿವು, ಜ್ವರ ಏನಾದರೂ ಆದರೆ ಆ ಹೊತ್ತಿನಲ್ಲಿ ಬೆಳೆದ ಭಾಗ ಸೊರಗುತ್ತದೆ. ಎಲ್ಲ ಗರಿಯಲ್ಲೂ ಒಂದೇ ಎತ್ತರ ಅಂದರೆ ಒಂದೇ ಘಟನೆ. ಮೇವು ತಪ್ಪಿದ್ದೋ, ರಾತ್ರಿ ಪುನುಗು ಬೆಕ್ಕು ಬಂದು ಗೂಡು ಅಲ್ಲಾಡಿಸಿದ್ದೋ ನೆನಪಿಸಿಕೊಳ್ಳಿ. ಆ ಗೆರೆಯಲ್ಲೇ ಗರಿ ಮುರಿಯುವುದೂ ಜಾಸ್ತಿ.

ಹುಂಜ: 8-10 ಹ್ಯಾಟೆಗೆ ಒಂದು ಸಾಕು. 14ಕ್ಕೆ ಒಂದನ್ನೇ ಇಟ್ಟುಕೊಳ್ಳಿ, ಎರಡನ್ನು ತೆಗೆಯಿರಿ. ಜಾಗವೂ ಉಳಿಯುತ್ತದೆ. 48 ಚದರಡಿಗೆ 17 ಅಂದರೆ ಒಂದಕ್ಕೆ 3 ಚದರಡಿಯೂ ಇಲ್ಲ. ಮಳೆಗಾಲ ಪೂರ್ತಿ ಒಳಗೇ ಇರುವ ಕೋಳಿಗೆ 4 ಚದರಡಿ ಬೇಕು. ಜಗಲಿಯ ಮೂಲೆಗೆ ತಗಡು ಇಳಿಸಿ, ಬಲೆ ಕಟ್ಟಿ ಇನ್ನೊಂದು 12 ಚದರಡಿ ಮಾಡಿಕೊಟ್ಟರೆ ಉಳಿದ 15ಕ್ಕೆ ಸರಿಹೋಗುತ್ತದೆ.

ನುಸಿ: ದಬ್ಬೆಯನ್ನು ಬಚ್ಚಲ ಒಲೆಗೆ ಹಾಕಿ. ಮಲೆನಾಡಿನಲ್ಲಿ ಎಲ್ಲದಕ್ಕೂ ದಬ್ಬೆಯೇ, ಆದರೆ ಅದರ ನಾರು, ಬಿರುಕು ನುಸಿಗೆ ಹೇಳಿ ಮಾಡಿಸಿದ ಮನೆ. ಬದಲಿಗೆ ತೊಗಟೆ ತೆಗೆದ, ಎರಡು ಇಂಚು ದಪ್ಪದ ನುಣುಪು ಗಳ. ಒಂದು ಕೋಳಿಗೆ 8 ಇಂಚಿನಂತೆ 15ಕ್ಕೆ 10 ಅಡಿ, ಅಂದರೆ ಎರಡು ಸಾಲು. ಗಳ ಗೋಡೆಗೆ ತಾಗಬಾರದು. ಕಾಲು ಕೊಟ್ಟು, ಕಾಲಿನ ಬುಡಕ್ಕೆ ಎಣ್ಣೆ ಹಾಕಿದ ಡಬ್ಬಿ ಇಡಿ. ಗೋಡೆ ಸಂದಿಗೆ ಕುದಿಯುವ ನೀರು ಹೊಯ್ದು, ಒಣಗಿದ ಮೇಲೆ ಸುಣ್ಣ ಬಳಿಯಿರಿ. ಏಳು ದಿನ ಬಿಟ್ಟು ಮತ್ತೆ, ಇನ್ನೂ ಏಳು ದಿನಕ್ಕೆ ಮತ್ತೊಮ್ಮೆ. ನುಸಿಯ ಮೊಟ್ಟೆಗಳು ಉಳಿದಿರುತ್ತವೆ, ಒಂದೇ ಸಲ ಮಾಡಿದರೆ ಪ್ರಯೋಜನ ಇಲ್ಲ. ಕೋಳಿ ತೆಗೆದು ಗೂಡು ಖಾಲಿ ಬಿಟ್ಟರೂ ನುಸಿ ತಿಂಗಳುಗಟ್ಟಲೆ ಹಸಿದು ಬದುಕುತ್ತದೆ.

ಸಾಗರದಿಂದ:
ಮೇವಿನ ಬಗ್ಗೆ ಯಾರೂ ಹೇಳಲಿಲ್ಲ. ಲೇಯರ್ ಮ್ಯಾಶ್‌ನಲ್ಲಿ ಪ್ರೋಟೀನ್ ಸುಮಾರು 17%, ನುಚ್ಚಿನಲ್ಲಿ 8%. ಅರ್ಧರ್ಧ ಬೆರೆಸಿದರೆ 12.5%. ಪುಕ್ಕದ ಬಹುಪಾಲು ಪ್ರೋಟೀನೇ. ಅದು, ಅದರಲ್ಲೂ ಮೆಥಿಯೋನಿನ್ ಎಂಬ ಅದರ ಅಂಶ, ಕಡಿಮೆಯಾದರೆ ಒಂದರ ಪುಕ್ಕ ಇನ್ನೊಂದು ಕಿತ್ತು ತಿನ್ನುವ ಚಟ ಜೋರಾಗುತ್ತದೆ. ನುಚ್ಚು ಬೆರೆಸುವುದು ನಿಲ್ಲಿಸಿ. ಬರೀ ಮ್ಯಾಶ್ ಕೊಡಿ, ಒಂದಕ್ಕೆ 110 ಗ್ರಾಂನಂತೆ 15ಕ್ಕೆ 1.65 ಕೆಜಿ. ಸಂಜೆ ಒಂದೆರಡು ಹಿಡಿ ನುಚ್ಚನ್ನು ನೆಲಕ್ಕೆ ಹಾಸಿದ ಉಮಿಯಲ್ಲಿ ಎರಚಿ. ಕೆದಕುವ ಕೆಲಸ ಸಿಕ್ಕರೆ ಕುಕ್ಕುವುದು ಕಡಿಮೆ. ನುಗ್ಗೆ ಸೊಪ್ಪಿನ ಕಟ್ಟನ್ನು ತಲೆಯ ಎತ್ತರಕ್ಕೆ ತೂಗುಹಾಕಿ.

ಶೇಂಗಾ ಹಿಂಡಿ ಹಾಕುವ ಯೋಚನೆ ಬಂದರೆ ಈ ತಿಂಗಳುಗಳಲ್ಲಿ ಬೇಡ. ಬೂಷ್ಟು ಬಂದ ಹಿಂಡಿಯ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತು ಕೆಡಿಸುತ್ತದೆ. ಒಣಮೀನು ಒಳ್ಳೆಯದೇ, ಆದರೆ ಉಪ್ಪು ಹಾಕದ್ದು.

ಕೆಂಪಾದ ಎರಡನ್ನು ಇವತ್ತೇ ಬೇರೆ ಮಾಡಿ, ಆದರೆ ಉಳಿದವು ಕಾಣುವಂತೆ ಬಲೆಯಾಚೆ. ಪೂರ್ತಿ ದೂರ ಇಟ್ಟರೆ ವಾಪಸ್ ಬಿಟ್ಟ ದಿನ ಮತ್ತೆ ಜಗಳ. ಗಾಯಕ್ಕೆ ಜೆನ್ಶಿಯನ್ ವಯಲೆಟ್ (ನೇರಳೆ ಬಣ್ಣದ ಔಷಧಿ) ಹಚ್ಚಿ, ಕೆಂಪು ಕಂಡರೆ ಉಳಿದವು ಮತ್ತೆ ಕುಕ್ಕುತ್ತವೆ. ಕೊಕ್ಕು ಕತ್ತರಿಸಬೇಡಿ. ಅದು ನೋವು, ಮೂಲ ಕಾರಣ ಹಾಗೇ ಉಳಿಯುತ್ತದೆ.

ನೆಲದ ಉಮಿ ಮುಷ್ಟಿಯಲ್ಲಿ ಅದುಮಿ ಬಿಟ್ಟಾಗ ಉಂಡೆಯಾಗಿಯೇ ನಿಂತರೆ ಒದ್ದೆ, ತೆಗೆದು ಹೊಸದು 4 ಇಂಚು ಹಾಸಿ. ಕೋಳಿಯ ಎತ್ತರಕ್ಕೆ ಬಗ್ಗಿ ಉಸಿರೆಳೆಯಿರಿ, ಕಣ್ಣು ಉರಿದರೆ ಗಾಳಿಕಿಂಡಿ ಸಾಲದು. ಮಳೆ ತಾಗದ ಕಡೆ ಹಳೆಯ ಟೈರಿನಲ್ಲಿ ಜರಡಿ ಹಿಡಿದ ತಣ್ಣನೆ ಬೂದಿ ಒಂದು ಪಾಲು, ಒಣ ಮಣ್ಣು ಎರಡು ಪಾಲು ತುಂಬಿಡಿ, ಹೊರಳಾಡಲಿ. ಬೂದಿ ಒದ್ದೆಯಾದರೆ ಚರ್ಮ ಸುಡುತ್ತದೆ, ಬದಲಿಸುತ್ತಿರಿ.

ಹೊಸನಗರದ ಕೋಳಿಗೂಡು:
ಸರಿ, ನಾಳೆಯೇ ಶುರು. ಎಷ್ಟು ದಿನಕ್ಕೆ ಪುಕ್ಕ ಬರುತ್ತದೆ? ಮತ್ತೆ, ಅಂಗಳಕ್ಕೆ ಬರುವ ಗೊರವಂಕವೊಂದರ ತಲೆ ಪೂರ್ತಿ ಬೋಳು. ಅದರಿಂದಲೇ ನುಸಿ ಬಂತಾ?

ತೀರ್ಥಹಳ್ಳಿಯವ:
ಬುಡಸಮೇತ ಕಿತ್ತ ಜಾಗದಲ್ಲಿ ಮೊಳಕೆಗರಿ ಕೆಲವೇ ವಾರದಲ್ಲಿ ಕಾಣುತ್ತದೆ. ಅದರಲ್ಲಿ ರಕ್ತ ಹರಿಯುತ್ತಿರುತ್ತದೆ, ಕುಕ್ಕಿಸಿಕೊಂಡರೆ ಮತ್ತೆ ಗಾಯ. ಮೋಟು ಉಳಿದ ಜಾಗದಲ್ಲಿ ಮುಂದಿನ ಸಲ ಪುಕ್ಕ ಬದಲಿಸುವವರೆಗೂ ಹೊಸದು ಬರುವುದಿಲ್ಲ. ಆದ್ದರಿಂದ ಬೆನ್ನು ಬೋಳಾಗಿಯೇ ಇದೆ ಅಂತ ಔಷಧಿ ಬದಲಿಸುತ್ತಾ ಹೋಗಬೇಡಿ, ಮೋಟು ಕೀಳಲೂ ಬೇಡಿ.

ಗೊರವಂಕದ ಬೋಳುತಲೆ ಮರಿ ಮಾಡಿದ ನಂತರ ಪುಕ್ಕ ಬದಲಿಸುವಾಗಲೂ ಆಗುತ್ತದೆ, ನುಸಿಯಿಂದಲೂ ಆಗುತ್ತದೆ. ಹಾರಿ, ಮೇಯುತ್ತಿದ್ದರೆ ಹಿಡಿಯಲು ಹೋಗಬೇಡಿ. ಮಂಡಗದ್ದೆ ಪಕ್ಷಿಧಾಮದಲ್ಲಿ ಹಾವಕ್ಕಿ ಎಂಬ ನೀರುಹಕ್ಕಿ ರೆಕ್ಕೆ ಬಿಚ್ಚಿ ಕೂತದ್ದನ್ನು ಕಂಡು ಕಾಯಿಲೆ ಅನ್ನುವವರೂ ಇದ್ದಾರೆ. ಅದರ ಪುಕ್ಕ ನೀರು ಹೀರುವಂಥದ್ದು, ಒಣಗಿಸಿಕೊಳ್ಳುತ್ತಿರುತ್ತದೆ ಅಷ್ಟೆ. ನೀವು ನೋಡಬೇಕಾದದ್ದು ಕೋಳಿಗೂಡಿನ ಹೆಂಚಿನಡಿ. ಅಲ್ಲಿ ಗೊರವಂಕವೋ ಗುಬ್ಬಿಯೋ ಗೂಡು ಕಟ್ಟಿದ್ದರೆ, ಮರಿ ಹಾರಿಹೋದ ಮೇಲೆ ಹಳೆಯ ಹುಲ್ಲನ್ನೆಲ್ಲ ತೆಗೆದು ಸುಟ್ಟುಬಿಡಿ. ಗೂಡು ಖಾಲಿಯಾದಾಗಲೇ ನುಸಿ ಕೆಳಗಿನ ಕೋಳಿಗೆ ಇಳಿಯುವುದು.