ಸಹಾಯ ಬೇಕು: ಫೆರಿಟಿನ್ 140 ಇದ್ದರೂ ಕಬ್ಬಿಣದ ಕೊರತೆ ಇರಬಹುದೇ?

ಎಲ್ಲರಿಗೂ ನಮಸ್ಕಾರ. ಎಂಟು ವರ್ಷಗಳಿಂದ ರುಮಟಾಯ್ಡ್ ಸಂಧಿವಾತಕ್ಕೆ (ಕೀಲುಗಳ ದೀರ್ಘಕಾಲದ ಉರಿಯೂತ) ಚಿಕಿತ್ಸೆ ಪಡೆಯುತ್ತಿರುವ ನಮ್ಮ ತಾಯಿಯವರು (58 ವರ್ಷ) ಮನೆಯ ಹದಿನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಎರಡು ಸಲ ಕಂಬಿ ಹಿಡಿದು ನಿಲ್ಲುವಂತಾಗಿರುವುದರಿಂದ ರಕ್ತಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 10.2, ಸೀರಮ್ ಐರನ್ 32, ಟಿಐಬಿಸಿ (ಕಬ್ಬಿಣವನ್ನು ಹೊರಲು ರಕ್ತಕ್ಕಿರುವ ಒಟ್ಟು ಸಾಮರ್ಥ್ಯ) 240, ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ಆ ಸಾಮರ್ಥ್ಯದಲ್ಲಿ ಕಬ್ಬಿಣದಿಂದ ತುಂಬಿರುವ ಪಾಲು) ಶೇ. 13, ಫೆರಿಟಿನ್ 140, ಸಿಆರ್‌ಪಿ (ಉರಿಯೂತದ ಸೂಚಕ) 28 ಎಂದು ವರದಿಯಲ್ಲಿದೆ.

ನನ್ನ ಗೊಂದಲವಿರುವುದು ಫೆರಿಟಿನ್ ವಿಷಯದಲ್ಲಿ. ಅದು ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆಯಾದರೂ ಉರಿಯೂತವಿದ್ದಾಗ ತಾನಾಗಿಯೇ ಏರುತ್ತದೆ. ಆದ್ದರಿಂದ ಲ್ಯಾಬಿನವರು ಅದರ ಮುಂದೆ ‘ನಾರ್ಮಲ್’ ಎಂದು ಮುದ್ರಿಸಿದ್ದನ್ನು ನಂಬಲು ಮನಸ್ಸು ಒಪ್ಪುತ್ತಿಲ್ಲ. ಇತ್ತ, ಬರಿಯ ಕಬ್ಬಿಣದ ಕೊರತೆಯಾಗಿದ್ದರೆ ಸಾಮಾನ್ಯವಾಗಿ ಏರಬೇಕಾಗಿದ್ದ ಟಿಐಬಿಸಿ ಇಲ್ಲಿ ಕೆಳಗಿದೆ. ಎರಡು ತಿಂಗಳು ಕಬ್ಬಿಣದ ಮಾತ್ರೆ ಕೊಟ್ಟು, ಕಬ್ಬಿಣ ಹೀರಿಕೆಗೆ ಅಡ್ಡಿಯಾಗಬಾರದೆಂದು ಅದರ ಆಸುಪಾಸಿನಲ್ಲಿ ಕಾಫಿಯನ್ನೂ ಬಿಡಿಸಿದೆವು (ಅದಕ್ಕಾಗಿ ನಡೆದ ಜಗಳ ಬೇರೆಯೇ ಕಥೆ). ಹಿಮೋಗ್ಲೋಬಿನ್ 10.1ರಿಂದ 10.2ಕ್ಕೆ ಬಂದಿತು, ಅಷ್ಟೇ. ಮಲಬದ್ಧತೆ ಮಾತ್ರ ಹೆಚ್ಚಾಯಿತು.

ವೈದ್ಯರ ಭೇಟಿಗೆ ಇನ್ನೂ ಮೂರು ವಾರವಿದೆ. ಇದು ಉರಿಯೂತದಿಂದಾದ ರಕ್ತಹೀನತೆ ಮಾತ್ರವೇ, ಅಥವಾ ಜೊತೆಗೆ ಕಬ್ಬಿಣದ ಕೊರತೆಯೂ ಇದೆಯೇ ಎಂಬುದನ್ನು ಬೇರ್ಪಡಿಸಿ ತಿಳಿಯಲು ಯಾವ ಪರೀಕ್ಷೆಯ ಬಗ್ಗೆ ಅವರನ್ನು ಕೇಳಬೇಕು? ಬಲ್ಲವರು ದಯವಿಟ್ಟು ತಿಳಿಸಿ.