ರಾಟೆ ಲೆಕ್ಕದಲ್ಲಿ ಮಗಳು ಎಡವುತ್ತಿದ್ದಾಳೆ, ಹೇಗೆ ಹೇಳಿಕೊಡಲಿ?

ಮಗಳು ಫಸ್ಟ್ ಪಿಯು. ಟೇಬಲ್ ಮೇಲೆ 3 ಕೆ.ಜಿ. ಬ್ಲಾಕ್, ಅದರ ದಾರ ರಾಟೆ ದಾಟಿ ಕೆಳಗೆ 2 ಕೆ.ಜಿ. ಬ್ಲಾಕಿಗೆ ಕಟ್ಟಿದೆ. ಘರ್ಷಣಾಂಕ (ಟೇಬಲ್ ಎಷ್ಟು ತಡೆಯುತ್ತದೆ ಅನ್ನೋ ಅಳತೆ) 0.2, ಜಿ (ಗುರುತ್ವ ವೇಗೋತ್ಕರ್ಷ) 10, ರಾಟೆಗೆ ತೂಕ ಇಲ್ಲ. ಟೆನ್ಷನ್, ಅಂದರೆ ದಾರದ ಎಳೆತ, ಎಷ್ಟು ಅಂದ್ರೆ ಪ್ರತಿ ಸಲ 20 ನ್ಯೂಟನ್ ಅಂತಾಳೆ. ನಿಮ್ಮ ಮಕ್ಕಳಿಗೆ ಹೇಗೆ ಹೇಳಿಕೊಟ್ಟಿರಿ?

ಪಿಯು ಲೆಕ್ಚರರ್: ಮೇಡಂ, ಈ 20ರ ಕಾಟ ನನ್ನ ಕ್ಲಾಸಿನಲ್ಲೂ ಪ್ರತಿ ವರ್ಷ ಇದ್ದದ್ದೇ. ದಾರ ಮೇಲಕ್ಕೆ 20ರಲ್ಲಿ ಎಳೆಯುತ್ತದೆ, ತೂಕ ಕೆಳಕ್ಕೆ 20ರಲ್ಲಿ ಎಳೆಯುತ್ತದೆ, ಹಾಗಿದ್ದ ಮೇಲೆ ನಿಂತಿದ್ದ ಬ್ಲಾಕ್ ಇಳಿಯೋಕೆ ಶುರು ಮಾಡಿದ್ದು ಹೇಗೆ ಅಂತ ಕೇಳಿ ಸುಮ್ನೆ ಕೂತುಬಿಡಿ. ಅವಳೇ ಯೋಚಿಸಲಿ. ಆಮೇಲೆ ಎರಡು ಬ್ಲಾಕಿಗೂ ಬೇರೆ ಬೇರೆ ಚಿತ್ರ ಬರೆಸಿ. ಟೆನ್ಷನ್ ಟಿ, ಆಕ್ಸಲರೇಷನ್ ಎ ಅಂತ ಇಟ್ಟುಕೊಂಡರೆ ನೇತಾಡುವುದಕ್ಕೆ 20 − ಟಿ = 2ಎ, ಟೇಬಲ್ ಮೇಲಿನದಕ್ಕೆ ಘರ್ಷಣೆ 0.2 × 30 = 6, ಹಾಗಾಗಿ ಟಿ − 6 = 3ಎ. ಎರಡನ್ನೂ ಕೂಡಿಸಿದರೆ ಟಿ ತಾನಾಗೇ ಹೊಡೆದುಹೋಗುತ್ತದೆ. 14 = 5ಎ, ಅಂದರೆ ಎ 2.8. ಟಿ 14.4. 20ಕ್ಕಿಂತ ಕಡಿಮೆ ಬಂತು, ಬರಲೇಬೇಕು.

ಬಿಎಸ್ಸಿ ವಿದ್ಯಾರ್ಥಿನಿ: ಅದಕ್ಕೂ ಮೊದಲು ಅದು ಅಲುಗುತ್ತದಾ ಅಂತ ನೋಡಬೇಕು ಸರ್. ಘರ್ಷಣಾಂಕ 0.8 ಅಂತ ಕೊಟ್ಟರೆ ಘರ್ಷಣೆ 24ರವರೆಗೂ ತಡೆಯಬಲ್ಲದು. ಕಣ್ಣುಮುಚ್ಚಿ ಸಮೀಕರಣಕ್ಕೆ ಹಾಕಿದರೆ ಎ ಮೈನಸ್ ಬರುತ್ತದೆ, ಅಂದರೆ ನೇತಾಡುವ ಬ್ಲಾಕ್ ತಾನೇ ಮೇಲಕ್ಕೆ ಹೋಗುತ್ತದಂತೆ! ನಿಜವಾಗಿ ಎರಡೂ ನಿಂತೇ ಇರುತ್ತವೆ. ಘರ್ಷಣೆಯೂ 24 ಅಲ್ಲ, ಬೇಕಾದಷ್ಟೇ, 20. ಅಕ್ಕಾ, ನಿಮ್ಮ ಮಗಳ 20 ಇಲ್ಲಿ ಸರಿ.

ಹೋದ ವರ್ಷ ಸಿಇಟಿ ಬರೆದವನು: ಇದೆಲ್ಲ ಸರಿ, ಆದರೆ 80 ನಿಮಿಷಕ್ಕೆ 60 ಪ್ರಶ್ನೆ, ಅಲ್ಲಿ ಎರಡೆರಡು ಚಿತ್ರ ಬರೆಯುತ್ತಾ ಕೂತರೆ ಆಯ್ತು ಕಥೆ. ನಾನು ಎರಡನ್ನೂ ಸೇರಿಸಿ ಒಂದೇ 5 ಕೆ.ಜಿ. ಅಂತ ಹಿಡಿಯುತ್ತಿದ್ದೆ. ಮುಂದಕ್ಕೆ 20, ಹಿಂದಕ್ಕೆ 6, ಉಳಿದ 14ನ್ನು 5ರಿಂದ ಭಾಗಿಸು, ಮುಗೀತು.

ಪಿಯು ಲೆಕ್ಚರರ್: ಈ ಲೆಕ್ಕಕ್ಕೆ ಓಕೆ ಕಣಪ್ಪಾ, ಎರಡಕ್ಕೂ ಒಂದೇ ಎ ಇದೆ. ದಾರದ ತುದಿ ಮೇಲೆ ಕಟ್ಟಿದ್ದು, ರಾಟೆಯೂ ಬ್ಲಾಕಿನ ಜೊತೆ ಇಳಿಯುವ ಲೆಕ್ಕ ಬಂದಾಗ ನೋಡು. ಟೇಬಲ್ ಮೇಲಿನದು 2 ಮೀಟರ್ ಸರಿದರೆ ರಾಟೆಗೆ ನೇತಾಡುವುದು 1 ಮೀಟರ್ ಇಳಿದಿರುತ್ತದೆ, ಅಷ್ಟೇ. ಎ ಒಂದಕ್ಕೆ ಇನ್ನೊಂದರ ಅರ್ಧ. ಅಲ್ಲಿ ಒಟ್ಟು ಮಾಸ್‌ನಿಂದ ಭಾಗಿಸಿದವರೆಲ್ಲ ಆಯ್ಕೆಯಲ್ಲಿ ಇಲ್ಲದ ಉತ್ತರ ಹಿಡಿದು ಕೂತಿರುತ್ತಾರೆ, ಇಲ್ಲಾಂದ್ರೆ ಪೇಪರ್ ತೆಗೆದವರು ಅದನ್ನೂ ಒಂದು ಆಯ್ಕೆಯಾಗಿ ಇಟ್ಟಿರುತ್ತಾರೆ. ಮೇಡಂ, ಚಿತ್ರ ಬರೆಯುವುದನ್ನು ಈಗಲೇ ಬಿಡಿಸಬೇಡಿ.